ಹೇತುವಿನ ಊಹಾಪೋಹ

ಎಲ್ಲಿಯಾದರೂ ಬಾಂಬು ಸಿಡಿದ ಸುದ್ದಿ ಬಂದೊಡನೆ, ಚೆನ್ನೈಯ ಕಾಸಿಮೇಡಿನ ಮೀನುಬಂದರಿನ ಚಹದಂಗಡಿಯಲ್ಲಿಯೂ ಅದರ ಹೇತುವನ್ನು ಕ್ಷಣಾರ್ಧದಲ್ಲಿ ನಿರ್ಣಯಿಸುವ ಪಂಡಿತರು ಉದಯಿಸುತ್ತಾರೆ: ಒಬ್ಬರಿಗೆ ಬಡತನ ಕಾರಣ, ಇನ್ನೊಬ್ಬರಿಗೆ ಮತಾಂಧತೆ, ಮತ್ತೊಬ್ಬರಿಗೆ ಚಿತ್ತವಿಕಾರ.

ಚೆನ್ನೈಗೆ ಅನತಿದೂರದ ಶ್ರೀಪೆರಂಬುದೂರಿನಲ್ಲಿ 1991ರ ಮೇ 21ರಂದು ಮಾಜಿ ಪ್ರಧಾನಿ ರಾಜೀವ್ ಗಾಂಧಿಯವರನ್ನು ಕೊಂದು ತಾನೂ ಮಡಿದ ಧನು ಎಂಬ ತರುಣಿಯ ಮನಸ್ಸಿನ ಕುರಿತು ಹಬ್ಬಿದ ಕಥೆಗಳಿಗೆ ಲೆಕ್ಕವಿಲ್ಲ. ಆದರೆ ಹೇಳಬೇಕಾದವಳು ಆ ಕ್ಷಣವೇ ಇಲ್ಲವಾದಳು, ಸಂಚನ್ನು ನಡೆಸಿದ ಶಿವರಾಸನ್ ಆಗಸ್ಟ್ 20ರಂದು ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಶವವಾಗಿ ದೊರೆತನು. ಕರ್ನಾಟಕ ಶ್ರೇಣಿಯ ಪೊಲೀಸ್ ಅಧಿಕಾರಿ ಡಿ. ಆರ್. ಕಾರ್ತಿಕೇಯನ್ ಅವರ ತನಿಖಾತಂಡವು, ಸ್ಫೋಟದಲ್ಲಿ ಉಳಿದ ಕ್ಯಾಮೆರಾದ ಚಿತ್ರಗಳಿಂದ ಮೊದಲ್ಗೊಂಡು, ಸಂಚಿನ ಎಳೆಗಳನ್ನು ಹೆಣೆದು ತೋರಿಸಿತು. ಲಂಕೆಗೆ ಹೋದ ಭಾರತೀಯ ಶಾಂತಿಪಾಲನಾ ಪಡೆಯ ಬಗೆಗೆ, ಸಂಚಿನ ಹಿಂದಿದ್ದ ಅಲ್ಲಿನ ತಮಿಳು ಪ್ರತ್ಯೇಕತಾವಾದಿ ಸಂಘಟನೆ ಎಲ್‌ಟಿಟಿಇ ತಾಳಿದ್ದ ದ್ವೇಷವೂ ಸ್ಪಷ್ಟವಾಯಿತು. ಅಷ್ಟಾದರೂ, 1998ರಲ್ಲಿ ವಿಶೇಷ ನ್ಯಾಯಾಲಯವು 26 ಮಂದಿ ಆರೋಪಿಗಳಿಗೂ ಮರಣದಂಡನೆ ವಿಧಿಸಿದ ಪ್ರಕರಣದಲ್ಲಿ, ಸರ್ಕಾರವನ್ನು ಭಯಪಡಿಸುವ ಉದ್ದೇಶವು ಸಿದ್ಧವಾಗಿಲ್ಲವೆಂದು ಸುಪ್ರೀಂ ಕೋರ್ಟು 1999ರ ಮೇ 11ರಂದು ಭಯೋತ್ಪಾದನಾ ನಿಗ್ರಹ ಕಾಯ್ದೆಯಾದ ಟಾಡಾದ ಆರೋಪವನ್ನು ತಳ್ಳಿಹಾಕಿ, 19 ಮಂದಿಯ ಬಿಡುಗಡೆಗೆ ಆದೇಶಿಸಿತು.

ಸಂಘಟನೆಯ ಉದ್ದೇಶ ಬೇರೆ, ಅದು ಬಳಸಿಕೊಂಡ ವ್ಯಕ್ತಿಯ ಅಂತರಂಗ ಬೇರೆ. ಮೊದಲನೆಯದು ದಾಖಲೆಗಳಲ್ಲಿ ಸಿಕ್ಕೀತು, ಎರಡನೆಯದು ಬಹುಮಟ್ಟಿಗೆ ವ್ಯಕ್ತಿಯೊಡನೆಯೇ ಅಳಿಯುತ್ತದೆ. ವರ್ಷಗಟ್ಟಲೆ ಸಾಕ್ಷ್ಯ ಪರಿಶೀಲಿಸಿದ ನ್ಯಾಯಾಲಯಗಳೇ ಉದ್ದೇಶದ ವಿಷಯದಲ್ಲಿ ಭಿನ್ನಮತ ತಾಳಿದ ಮೇಲೆ, ಮೃತನ ಜಾತಿ, ಭಾಷೆ, ಮತಗಳನ್ನು ಕೇಳಿದ ಮಾತ್ರಕ್ಕೆ ಅವನ ಹೃದಯವನ್ನು ಓದಿದೆವೆನ್ನುವುದು ಅವಿವೇಕವಲ್ಲದೆ, ಆ ಜಾತಿ, ಭಾಷೆ, ಮತಗಳ ನಿರಪರಾಧಿಗಳಿಗೆ ಮಾಡುವ ಅನ್ಯಾಯವೂ ಹೌದು.