ಮುದೂರಿನ ರಬ್ಬರ್, ಮಲಯದ ಮುಳ್ಳುಬೇಲಿ

ಬ್ರಹ್ಮಾವರದಿಂದ ಹೊರಟ ಬಸ್ಸು ಕುಂದಾಪುರದ ಶಾಸ್ತ್ರಿ ಸರ್ಕಲ್ ಮುಟ್ಟಿದಾಗ ಇನ್ನೂ ಬಿಸಿಲೇರಿರಲಿಲ್ಲ. ನಾನು ಹೊರಟಿದ್ದು ಕಡಲ ಕಡೆಗಲ್ಲ, ಘಟ್ಟದ ಬುಡದ ಜಡ್ಕಲ್, ಮುದೂರಿನ ರಬ್ಬರ್ ತೋಟಗಳಿಗೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಏಷ್ಯಾದಲ್ಲಿ ಕಮ್ಯುನಿಸ್ಟರನ್ನು ತಡೆಯಲು ಬ್ರಿಟಿಷರು ಹನ್ನೆರಡು ವರ್ಷ ಹೋರಾಡಿದ್ದು ಇಂದಿನ ಮಲೇಷ್ಯಾದ ಭಾಗವಾದ ಮಲಯದ ಇಂಥದೇ ತೋಟಗಳಲ್ಲಿ. ಅದರ ಬಗ್ಗೆ ಓದಿದಷ್ಟೂ ಆ ಮರಗಳ ನಡುವೆ ಒಮ್ಮೆ ಓಡಾಡಬೇಕೆಂಬ ಆಸೆ ಬಲಿತಿತ್ತು.

ಆ ಕಾಲದ ಕುಂದಾಪುರ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಕಮ್ಯುನಿಸ್ಟರೆಂದರೆ ಸ್ವತಂತ್ರ ಭಾರತದ ಆಡಳಿತಕ್ಕೂ ಭಯವೇ. ವಿಚಾರಣೆಯಿಲ್ಲದ ಬಂಧನವನ್ನು ಪ್ರಶ್ನಿಸಿ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ 1950ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ್ದು ಮದರಾಸು ಸರ್ಕಾರದ ವಿರುದ್ಧ. ಕುಂದಾಪುರದಲ್ಲಿ ಹಂಚಿನ ಕಾರ್ಮಿಕರ, ಬೀಡಿ ಕಟ್ಟುವವರ ಕೆಂಬಾವುಟ ಇಂದಿಗೂ ಇಳಿದಿಲ್ಲ.

ಹೆಮ್ಮಾಡಿಯಲ್ಲಿ ಬಲಕ್ಕೆ ತಿರುಗಿ ವಂಡ್ಸೆ, ಚಿತ್ತೂರು ದಾಟಿದರೆ ತೆಂಗು ಅಡಿಕೆ ಹಿಂದೆ ಸರಿದು ರಬ್ಬರ್ ಶುರು. ಕೇರಳದಿಂದ ಬಂದು ನೆಲೆಸಿದವರ ತೋಟಗಳೇ ಹೆಚ್ಚು. ಒಬ್ಬರು ಟ್ಯಾಪಿಂಗ್ ಮುಗಿಸುವುದರಲ್ಲಿದ್ದರು. ಬಾಗಿದ ಕತ್ತಿಯಿಂದ ತೊಗಟೆಯನ್ನು ಓರೆಯಾಗಿ, ಕಾಗದದಷ್ಟು ತೆಳ್ಳಗೆ ಕೆತ್ತುತ್ತಾ ಹೋದ ಹಾಗೆ ಗೀರಿನುದ್ದಕ್ಕೂ ಬಿಳಿ ಹಾಲು ಜಿನುಗಿ ಚಿಪ್ಪಿಗೆ ಇಳಿಯಿತು. “ಆಳ ಹೋಗ್ಬಾರ್ದು ಸಾರ್. ಮರಕ್ಕೆ ಗಾಯ ಆದ್ರೆ ಅಲ್ಲಿ ತೊಗಟೆ ಮತ್ತೆ ಸರಿ ಬರುದಿಲ್ಲ” ಎಂದರು. ಆ ಹಾಲಿಗೆ ಆಸಿಡ್ ಬೆರೆಸಿ ಹೆಪ್ಪುಗಟ್ಟಿಸಿ, ಮಷಿನ್‌ನಲ್ಲಿ ಒತ್ತಿ ಒಣಗಿಸಿದರೆ ಶೀಟ್.

ಯುದ್ಧದಲ್ಲಿ ಬರಿದಾಗಿದ್ದ ಬ್ರಿಟನ್ನಿಗೆ ಡಾಲರ್ ತರುತ್ತಿದ್ದದ್ದು ಮಲಯದ ರಬ್ಬರ್ ಮತ್ತು ತವರ. 1948ರ ಜೂನ್ 16ರಂದು ಸುಂಗೈ ಸಿಪುಟ್‌ನಲ್ಲಿ ತೋಟದ ಮೂವರು ಐರೋಪ್ಯರು ಕೊಲೆಯಾದ ಕೂಡಲೇ ತುರ್ತುಸ್ಥಿತಿ ಬಂತು. ಕಾಡು ಸೇರಿದ ಕಮ್ಯುನಿಸ್ಟ್ ಗೆರಿಲ್ಲಾಗಳ ನಾಯಕ ಚಿನ್ ಪೆಂಗ್, ಜಪಾನಿನ ವಿರುದ್ಧ ಬ್ರಿಟಿಷರ ಜೊತೆಗೇ ಹೋರಾಡಿದ್ದವನು. ಅದೇ ಡಿಸೆಂಬರ್ 12ರಂದು ಬಟಾಂಗ್ ಕಾಲಿಯ ರಬ್ಬರ್ ತೋಟದಲ್ಲಿ ಸ್ಕಾಟ್ಸ್ ಗಾರ್ಡ್ಸ್ ಸೈನಿಕರು 24 ಮಂದಿ ನಿರಾಯುಧರನ್ನು ಗುಂಡಿಕ್ಕಿ ಕೊಂದರು.

ಬಂದೂಕಿನಿಂದ ಆಗದ್ದನ್ನು ಅನ್ನದಿಂದ ಸಾಧಿಸಲು ಹೊರಟವರು ಹೆರಾಲ್ಡ್ ಬ್ರಿಗ್ಸ್, ಭಾರತೀಯ ಸೇನೆಯಲ್ಲೇ ಬೆಳೆದ ಅಧಿಕಾರಿ. 1950ರಿಂದ ಕಾಡಂಚಿನ ಸುಮಾರು 5 ಲಕ್ಷ ಜನರನ್ನು, ಬಹುಪಾಲು ಚೀನೀಯರನ್ನು, ಗುಡಿಸಲು ಬಿಡಿಸಿ ಮುಳ್ಳುಬೇಲಿಯ ‘ಹೊಸ ಹಳ್ಳಿ’ಗಳಿಗೆ ಸಾಗಿಸಲಾಯಿತು. ಅಕ್ಕಿಗೆ ರೇಷನ್. ಡಬ್ಬಿ ಆಹಾರವನ್ನು ಕೂಡಿಟ್ಟು ಕಾಡಿಗೆ ಕಳಿಸದಿರಲಿ ಎಂದು ಅಂಗಡಿಯಲ್ಲೇ ತೂತು ಹೊಡೆದು ಕೊಡುತ್ತಿದ್ದರು. 1952ರಲ್ಲಿ ಹೈಕಮಿಷನರ್ ಆಗಿ ಬಂದ ಜೆರಾಲ್ಡ್ ಟೆಂಪ್ಲರ್, ಗೆರಿಲ್ಲಾ ದಾಳಿಯೊಂದರ ಬಳಿಕ ತಂಜೋಂಗ್ ಮಾಲಿಂನಲ್ಲಿ ದಿನಕ್ಕೆ 22 ಗಂಟೆ ಕರ್ಫ್ಯೂ ಹಾಕಿ ಇಡೀ ಊರಿನ ಅಕ್ಕಿ ಕಡಿತ ಮಾಡಿದರು. ಯಾರೋ ಮಾಡಿದ ದಾಳಿಗೆ ಮಕ್ಕಳ ಬಟ್ಟಲಿನ ಅನ್ನಕ್ಕೆ ಕೈ ಹಾಕಿದ್ದನ್ನು ಯಾವ ಯುದ್ಧನೀತಿಯ ಹೆಸರಿನಲ್ಲೂ ನನಗೆ ಒಪ್ಪಲಾಗದು.

ತೋಟದಾಚೆಯ ಮನೆಯೊಂದರಲ್ಲಿ ನೀರು ಕೇಳಿದ್ದಕ್ಕೆ ಅಜ್ಜಿಯೊಬ್ಬರು “ಕೂಕಣಿ, ಗಂಜಿ ಉಂಡ್ಕಂಡ್ ಹೋಯ್ನಿ” ಎಂದು ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ ಮುಂದಿಟ್ಟರು. ಮಾತು ಹಳೆಯ ಕಾಲಕ್ಕೆ ಹೊರಳಿತು. “ಗೇಣಿ ಮುಡಿ ಹೊತ್ಕಂಡ್ ಒಡೇರ್ ಮನಿಗ್ ಹೋಯ್ಕಿತ್ತ್” ಎಂದರು. ಬೆಳೆದವರಿಗೆ ಉಳಿಯುತ್ತಿದ್ದದ್ದು ಮಳೆಗಾಲ ದಾಟಲೂ ಸಾಲದಷ್ಟು. 1974ರ ಮಾರ್ಚ್ 1ರಂದು ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದು ಗೇಣಿ ಭೂಮಿಯೆಲ್ಲ ಸರ್ಕಾರದ ವಶವಾಯಿತು. ಒಕ್ಕಲುಗಳು ಏಳನೇ ನಮೂನೆಯಲ್ಲಿ ಅರ್ಜಿ ಹಾಕಿ ನ್ಯಾಯಮಂಡಳಿಯ ಮುಂದೆ ನಿಂತರು. ಇವರ ಗಂಡನೂ ಹಾಕಿದ್ದರು, ಗದ್ದೆ ಹೆಸರಿಗೆ ಬಂತು.

ಕೊಲ್ಲೂರಿನಿಂದ ಬೈಂದೂರಿಗೆ ಇಳಿಯುವ ಬಸ್ಸಿನಲ್ಲಿ ಕೂತಾಗ ಮಲಯದ ಲೆಕ್ಕ ತಲೆಯಲ್ಲಿ ತಿಳಿಯಾಯಿತು. ಸೈನ್ಯದ ಪುಸ್ತಕಗಳು ಬೇಲಿಯನ್ನು ಹೊಗಳುತ್ತವೆ. ಆದರೆ ಬೇಲಿಯೊಳಗಿನವರಿಗೆ ಅಲ್ಲಿ ನೆಲದ ಹಕ್ಕುಪತ್ರ, ಪೌರತ್ವ, ಮತದಾನ ಒಂದೊಂದಾಗಿ ಸಿಕ್ಕಿದವು. 1957ರ ಆಗಸ್ಟ್ 31ರಂದು ದೇಶವೇ ಸ್ವತಂತ್ರವಾಯಿತು. ಚಿನ್ ಪೆಂಗ್ ಕೈಯಿಂದ ಜನ ಜಾರಿದ್ದು ಇದರಿಂದ ಎಂದೇ ನನ್ನ ನಂಬಿಕೆ. ಮಲಯದಲ್ಲಿ ಪಳಗಿದ ರಾಬರ್ಟ್ ಥಾಂಪ್ಸನ್ ಮುಂದೆ ದಕ್ಷಿಣ ವಿಯೆಟ್ನಾಮಿಗೆ ಸಲಹೆಗಾರರಾಗಿ ಹೋದರು. ಅಲ್ಲಿಯೂ ಬೇಲಿಯ ಹಳ್ಳಿಗಳು ಎದ್ದವು. ಅಲ್ಲಿನ ರೈತರಿಗೆ ತಾತ ಮುತ್ತಾತಂದಿರ ಗದ್ದೆಗಳಿದ್ದವು, ಗೋರಿಗಳಿದ್ದವು. ಬೇಲಿ ಅವರನ್ನು ಅವುಗಳಿಂದ ಕಿತ್ತಿತು. 1963ರ ನವೆಂಬರಿನಲ್ಲಿ ಅಧ್ಯಕ್ಷ ಡಿಯೆಮ್ ಕೊಲೆಯಾದ ಮೇಲೆ ಆ ಹಳ್ಳಿಗಳೂ ಉಳಿಯಲಿಲ್ಲ.