ಹೆಸರಿನ ಅಗಲ

ಚಿಕ್ಕಪೇಟೆಯಲ್ಲೋ ಹುಬ್ಬಳ್ಳಿಯಲ್ಲೋ ನೀವು ಕೊಂಡ ಸಿಂಥೆಟಿಕ್ ಸೀರೆ ಸೂರತ್ತಿನಿಂದ ಬಂದಿರುವ ಸಾಧ್ಯತೆ ಹೆಚ್ಚು. ಸೀರೆಯ ಪಾರ್ಸೆಲ್ ಜೊತೆ ಒಂದು ಬಿಲ್ಲೂ ಬರುತ್ತದೆ. ಅಂಥ ಬಿಲ್ಲುಗಳನ್ನು ಪಿಡಿಎಫ್ ಮಾಡಿಕೊಡುವ ಪ್ರೋಗ್ರಾಮನ್ನು ನೋಡಿಕೊಳ್ಳುವುದು ಅಹಮದಾಬಾದಿನಲ್ಲಿ ನನ್ನ ಹೊಟ್ಟೆಪಾಡು.

ಸೂರತ್ತಿನ ರಿಂಗ್ ರೋಡಿನ ಸೇಠರೊಬ್ಬರು ಒಂದು ದಿನ ಕೇಳಿದರು: “ಭಾಯ್, ಕರ್ನಾಟಕದ ಪಾರ್ಟಿಗಳ ಹೆಸರು ಇಂಗ್ಲಿಷಿನ ಕೆಳಗೆ ಅವರ ಭಾಷೆಯಲ್ಲೂ ಬರಲಿ. ಪಾರ್ಸೆಲ್ ಇಳಿಸಿಕೊಳ್ಳುವ ಹುಡುಗ ಓದಬೇಕಲ್ಲ?” ಊರು ಬಿಟ್ಟು ಬಂದವನಿಗೆ ಇದಕ್ಕಿಂತ ಸಂತೋಷದ ಕೆಲಸ ಇನ್ನೇನಿದೆ!

ಪ್ರೋಗ್ರಾಮ್ ನನಗಿಂತ ಮೊದಲಿನವರು ಬರೆದದ್ದು. ಬಿಲ್ಲಿನ ಎಡಕ್ಕೆ ಬಿಲ್ ನಂಬರ್, ಅದೇ ಸಾಲಿನ ಬಲತುದಿಗೆ ಪಾರ್ಟಿಯ ಹೆಸರು. ಕನ್ನಡ ಹಾಕಿದ ಕೂಡಲೇ ‘ಲಕ್ಷ್ಮೀ’ ಎಂದು ಶುರುವಾಗುವ ಹೆಸರೊಂದು ಎಡಕ್ಕೆ ಸರಿದು ಬಿಲ್ ನಂಬರಿನ ಕೊನೆಯ ಎರಡು ಅಂಕಿಗಳ ಮೇಲೆ ಕೂತುಬಿಟ್ಟಿತು. ಸೇಠರ ಮೆಹ್ತಾಜಿ ಫೋನಿನಲ್ಲೇ ಸಿಡುಕಿದರು: “ನಂಬರ್ ಕಾಣದಿದ್ದರೆ ಬಂದ ದುಡ್ಡನ್ನು ಯಾವ ಬಿಲ್ಲಿಗೆ ಜಮಾ ಮಾಡಲಿ?”

ಪಿಡಿಎಫ್‌ಗೆ ‘ಇದನ್ನು ಬಲಕ್ಕೆ ಹೊಂದಿಸು’ ಎಂದರೆ ತಿಳಿಯುವುದಿಲ್ಲ. ಎಲ್ಲಿಂದ ಶುರು ಮಾಡಬೇಕೆಂದು ನಾವೇ ಹೇಳಬೇಕು. ಜಾಗ 200 ಪಾಯಿಂಟ್, ಹೆಸರಿನ ಅಗಲ 140 ಎಂದುಕೊಳ್ಳಿ. ಬಲಕ್ಕೆ ಬೇಕಿದ್ದರೆ 60ರಿಂದ, ನಡುವೆ ಬೇಕಿದ್ದರೆ 30ರಿಂದ ಶುರು. ಒಂದು ಅಂಗುಲಕ್ಕೆ 72 ಪಾಯಿಂಟ್. ಆದ್ದರಿಂದ ಎಲ್ಲ ಲೆಕ್ಕವೂ ಅಗಲ ಗೊತ್ತಿರುವುದರ ಮೇಲೆ ನಿಂತಿದೆ.

ಇಂಗ್ಲಿಷಿನಲ್ಲಿ ಇದು ಸುಲಭ. ಪ್ರತಿ ಅಕ್ಷರದ ಅಗಲ ಫಾಂಟಿನಲ್ಲೇ ಇರುತ್ತದೆ. ಹೆಲ್ವೆಟಿಕಾದ ಸಣ್ಣ ‘ಐ’ 222, ದೊಡ್ಡ ‘ಡಬ್ಲ್ಯೂ’ 944, ಅಂದರೆ ಅಕ್ಷರದ ಅಳತೆಯ ಸಾವಿರದಲ್ಲಿ ಅಷ್ಟು ಪಾಲು. ಹತ್ತು ಪಾಯಿಂಟಿನಲ್ಲಿ 2.22 ಮತ್ತು 9.44. ಕೂಡಿದರೆ ಮುಗಿಯಿತು.

ನಮ್ಮ ‘ಲಕ್ಷ್ಮೀ’ಯನ್ನು ನೋಡಿ. ಕಣ್ಣಿಗೆ ಎರಡೇ ಅಕ್ಷರ. ಕಂಪ್ಯೂಟರಿನ ಹೊಟ್ಟೆಯಲ್ಲಿ ಏಳು ಯೂನಿಕೋಡ್ ಸಂಕೇತ: ಲ, ಕ, ವಿರಾಮ, ಷ, ವಿರಾಮ, ಮ, ದೀರ್ಘದ ಈಕಾರ. ಹಳೆಯ ಪ್ರೋಗ್ರಾಮಿನಲ್ಲಿ ಬರೆಯುವ ಭಾಗ ಒತ್ತುಗಳನ್ನು ಸರಿಯಾಗಿಯೇ ಜೋಡಿಸುತ್ತಿತ್ತು. ಅಳೆಯುವ ಭಾಗ ಮಾತ್ರ ಏಳೂ ಪಕ್ಕಪಕ್ಕದಲ್ಲಿ ಪೂರ್ತಿಯಾಗಿ ನಿಂತಿವೆ ಎಂದು ತಿಳಿದು ಕೂಡುತ್ತಿತ್ತು. ಇಲ್ಲದ ಅಗಲಕ್ಕೆ ಜಾಗ ಬಿಡಲು ಹೋಗಿ ಹೆಸರು ಎಡಕ್ಕೆ ಸರಿಯುತ್ತಿತ್ತು.

ಆಫೀಸಿನಲ್ಲಿ ಎರಡು ಸಲಹೆ ಬಂದವು. ಒಂದು, ಕನ್ನಡವನ್ನೇ ಬಿಟ್ಟುಬಿಡಿ. ಇನ್ನೊಂದು, ಹೆಸರನ್ನು ಚಿತ್ರ ಮಾಡಿ ಅಂಟಿಸಿ. ಚಿತ್ರವಾದ ಹೆಸರನ್ನು ಹುಡುಕಲಾಗದು, ನಕಲು ಮಾಡಲಾಗದು. ನನಗೆ ಎರಡೂ ಒಪ್ಪಿಗೆಯಾಗಲಿಲ್ಲ. ಊರು ಬಿಟ್ಟವರ ಹೆಸರು ಹೇಗೂ ಬೇರೆಯವರ ಬಾಯಲ್ಲಿ ಒಂದಿಷ್ಟು ಬದಲಾಗುತ್ತದೆ. ಕಾಗದದ ಮೇಲಾದರೂ ನೆಟ್ಟಗೆ ಇರಲಿ ಅನ್ನಿಸಿತು.

ವಡೋದರಾದ ಸಹೋದ್ಯೋಗಿ, “ಗುಜರಾತಿಗೆ ಮಾಡಿದ ಲೆಕ್ಕವನ್ನೇ ಹಾಕಿ, ಎರಡೂ ಒಂದೇ ಜಾತಿಯ ಲಿಪಿ ತಾನೆ?” ಅಂದರು. ‘ಕರ್ನಾಟಕ’ ಎಂದು ಎರಡೂ ಲಿಪಿಗಳಲ್ಲಿ ಬರೆದು ತೋರಿಸಿದೆ. ಒಳಗಿನ ಕ್ರಮ ಎರಡರಲ್ಲೂ ಒಂದೇ, ಏಳು ಸಂಕೇತ. ಆದರೆ ಗುಜರಾತಿಯಲ್ಲಿ ರಕಾರ ಕೊಕ್ಕೆಯಾಗಿ ಮುಂದಿನ ಅಕ್ಷರದ ತಲೆಯೇರುತ್ತದೆ, ಸಾಲಿನಲ್ಲಿ ಬೇರೆ ಜಾಗ ಕೇಳುವುದಿಲ್ಲ. ಕನ್ನಡದ ಅರ್ಕಾವತ್ತು ‘ನಾ’ ಆದಮೇಲೆ ತನ್ನದೇ ಜಾಗ ಹಿಡಿದು ನಿಲ್ಲುತ್ತದೆ. ಅವರು ಸ್ವಲ್ಪ ಹೊತ್ತು ನೋಡಿ ನಕ್ಕರು: “ನಮ್ಮ ‘ರ’ ತಲೆ ಮೇಲೆ ಕೂರುತ್ತೆ, ನಿಮ್ಮದು ಸಾಲಿನಲ್ಲಿ ನಿಲ್ಲುತ್ತೆ.”

ಕೊನೆಗೆ ಹಾರ್ಫ್‌ಬಜ್ ಎಂಬ, ಯಾರು ಬೇಕಾದರೂ ಬಳಸಬಹುದಾದ ತಂತ್ರಾಂಶವನ್ನು ಸೇರಿಸಿದೆವು. ಅದು ಫಾಂಟಿನ ನಿಯಮಗಳನ್ನು ಓದಿ, ಒತ್ತು, ಗುಣಿತಗಳನ್ನೆಲ್ಲ ಜೋಡಿಸಿ, ಹಾಗೆ ಮೂಡಿದ ಆಕಾರಗಳ ಅಗಲ ಹೇಳುತ್ತದೆ. ಅಳೆದ ಫಾಂಟನ್ನೇ ಪಿಡಿಎಫ್ ಒಳಗೂ ಇಟ್ಟೆವು. ಹೆಸರು ಉದ್ದವಾದರೆ ಅಕ್ಷರ ಮುಗಿದಲ್ಲೇ ಮುರಿಯುವ ಹಾಗೆ ಮಾಡಿದೆವು. ಇಲ್ಲದಿದ್ದರೆ ‘ಕ್ಷ್ಮೀ’ಯ ನಡುವೆಯೇ ಕತ್ತರಿ ಬೀಳುತ್ತಿತ್ತು.

ಮೊನ್ನೆ ಮೆಹ್ತಾಜಿ ಮತ್ತೆ ಫೋನ್ ಮಾಡಿದ್ದರು. ಮಧುರೈಯ ಪಾರ್ಟಿಗೆ ತಮಿಳಿನಲ್ಲೂ ಆಗುತ್ತದೆಯೇ ಎಂದು ಕೇಳಿದರು. ಆಗುತ್ತದೆ, ಆದರೆ ಅದನ್ನು ಅದರ ರೀತಿಯಲ್ಲೇ ಅಳೆಯಬೇಕು, ಎರಡು ದಿನ ಕೊಡಿ ಅಂದೆ.