ಸೊನ್ನೆಯ ಬೆಲೆ

ಸೊನ್ನೆಗೆ ಬೆಲೆಯಿಲ್ಲವೆಂಬುದು ನಮ್ಮಂಥ ಮೇಷ್ಟರುಗಳ ನಂಬಿಕೆ. ಉತ್ತರಪತ್ರಿಕೆಯ ಮೇಲೆ ನಾನು ಅದನ್ನು ಬರೆದಾಗ ಕಣ್ಣೀರು ಹಾಕಿದ ಹುಡುಗರುಂಟು. ನಮ್ಮ ಮನೆಯಲ್ಲಾದರೋ ನಾಲ್ಕು ವರ್ಷಗಳಿಂದ ಸೊನ್ನೆಗೇ ಮೊದಲನೆಯ ದರ್ಜೆ.

ನಮ್ಮ ತಂದೆಯವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಆಗಿ, ಶಸ್ತ್ರಚಿಕಿತ್ಸೆಯಲ್ಲಿ ಆ ಗ್ರಂಥಿಯನ್ನೇ ತೆಗೆದರು. ಮೂತ್ರಕೋಶದ ಕೆಳಗಿರುವ, ಅಕ್ರೋಟಿನ ಗಾತ್ರದ ಗ್ರಂಥಿ ಅದು. ಪಿಎಸ್‌ಎ ಎಂಬ ಪದಾರ್ಥವನ್ನು ರಕ್ತಕ್ಕೆ ಬಿಡುತ್ತದೆ. ಗ್ರಂಥಿಯೇ ಹೋದಮೇಲೆ ಈ ಪದಾರ್ಥವೂ ಹೆಚ್ಚುಕಡಿಮೆ ಸೊನ್ನೆಯಾಗಬೇಕು. ಮತ್ತೆ ಏರತೊಡಗಿದರೆ ರೋಗದ ಕಣಗಳು ಎಲ್ಲೋ ಉಳಿದಿವೆಯೆಂಬ ಸಂಶಯ. ಅದಕ್ಕೇ ಆರು ತಿಂಗಳಿಗೊಮ್ಮೆ ಪರೀಕ್ಷೆ. ಪರೀಕ್ಷೆ ಮಾಡುವುದೇ ಕಸುಬಾದ ನನಗೂ ಫಲಿತಾಂಶದ ಹಿಂದಿನ ರಾತ್ರಿ ನಿದ್ರೆ ಬಾರದು.

ಕಳೆದ ಸಲ 0.1 ಬಂತು. ಅಷ್ಟು ಸಣ್ಣ ಅಂಕಿ ಮನೆಯನ್ನೆಲ್ಲ ತುಂಬಿಕೊಂಡಿತು. ವೈದ್ಯರು ಮಾತ್ರ ಶಾಂತವಾಗಿ, "0.2 ಮುಟ್ಟಿ, ಇನ್ನೊಮ್ಮೆ ನೋಡಿದಾಗಲೂ ಹಾಗೇ ಇದ್ದರೆ ಮರುಕಳಿಸಿದೆ ಎನ್ನುತ್ತೇವೆ. ಆಗಲೂ ದಾರಿಯಿದೆ. ಅಂಕಿ ಸಣ್ಣದಾಗಿರುವಾಗಲೇ ವಿಕಿರಣ ಚಿಕಿತ್ಸೆ ಕೊಟ್ಟರೆ ಫಲ ಹೆಚ್ಚು. ಮೂರು ತಿಂಗಳು ಬಿಟ್ಟು ಬನ್ನಿ" ಎಂದರು.

ಮರುಕಳಿಸುವುದು! ನೆನಪು ಮರುಕಳಿಸುತ್ತದೆ ಎಂದು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ. ಜ್ವರಕ್ಕೂ ಅದೇ ಮಾತು. ನಾನು ಆ ಒಂದು ಪದಕ್ಕೇ ಅಂಜಿ ಕುಳಿತಿದ್ದಾಗ, ಲೆಕ್ಕದ ಕಚೇರಿಯಲ್ಲಿ ಮೂವತ್ತೈದು ವರ್ಷ ಸವೆಸಿದ ತಂದೆಯವರು ಒಂದು ನೋಟುಪುಸ್ತಕದಲ್ಲಿ ಗೆರೆ ಎಳೆದು, ಈವರೆಗಿನ ಅಂಕಿಗಳನ್ನೆಲ್ಲ ತಾರೀಖಿನೊಡನೆ ಏರಿಸುತ್ತಿದ್ದರು.

"ಏನಯ್ಯಾ ಮೇಷ್ಟ್ರೇ, ಒಂದು ಬಾಬ್ತು ನೋಡಿ ಯಾರಾದರೂ ದಿವಾಳಿ ಅಂತಾರೇನಯ್ಯಾ? ಅಂಕಿ ಎಷ್ಟಿದೆ ಅನ್ನೋದಷ್ಟೇ ಅಲ್ಲ, ಎಷ್ಟು ಬೇಗ ಇಮ್ಮಡಿಯಾಗುತ್ತೆ ಅನ್ನೋದನ್ನೂ ನೋಡಬೇಕು" ಎಂದರು.

ಅವರ ಮಾತು ಸರಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವೈದ್ಯರು 1999ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿ: ಶಸ್ತ್ರಚಿಕಿತ್ಸೆಯ ನಂತರ ಅಂಕಿ ಏರಿ, ಬೇರೆ ಚಿಕಿತ್ಸೆ ಪಡೆಯದಿದ್ದವರಲ್ಲೂ, ರೋಗ ದೂರಕ್ಕೆ ಹರಡುವುದಕ್ಕೆ ಅರ್ಧದಷ್ಟು ಮಂದಿಗೆ 8 ವರ್ಷಗಳಾದರೂ ಹಿಡಿದವು. ಅಂಕಿ ಕಾವಲುಗಾರ, ಅವನು ಕೂಗಿದೊಡನೆ ಎದ್ದು ನೋಡಬೇಕು, ನಿಜ. ಆದರೆ ಅವನು ಕೂಗಿಯಾನೆಂದು ರಾತ್ರಿಯೆಲ್ಲ ಬಾಗಿಲಲ್ಲಿ ನಿಲ್ಲುವುದಾದರೆ ಕಾವಲುಗಾರನಾದರೂ ಏಕೆ?

ಮೊನ್ನೆ ತಂದೆಯವರು ಎರಡು ಸೇರು ಮಾವಿನ ಮಿಡಿ ತಂದರು. "ಇಷ್ಟೊಂದು ಯಾಕೆ?" ಎಂದು ತಾಯಿ ಕೇಳಿದರೆ, "ಬರೋ ವರ್ಷಕ್ಕೂ ಇರಲಿ" ಎಂದರು. ಪರೀಕ್ಷೆ ಮುಂದಿನ ವಾರ. ನೋಟುಪುಸ್ತಕದಲ್ಲಿ ತಾರೀಖು ಆಗಲೇ ಬರೆದಿದೆ. ಅದರ ಮುಂದಿನ ಮನೆ ಖಾಲಿ.